ಒಂದೇ ಕೇಬಲ್, ಎರಡು ಕಂಪ್ಯೂಟರ್: ಇಂಟರ್‌ವ್ಯೂನಲ್ಲಿ ನಾನು ಬಿಡಿಸಿದ ಲೆಕ್ಕ

ಬೆಂಗಳೂರಿನಲ್ಲಿ ನೆಟ್‌ವರ್ಕ್ ಸಪೋರ್ಟ್ ಕೆಲಸಕ್ಕೆ ಇಂಟರ್‌ವ್ಯೂಗೆ ಹೋಗಿದ್ದೆ. ಐಪಿ ಅಡ್ರೆಸ್, ಸಬ್‌ನೆಟ್, ವಿಲ್ಯಾನ್ ಅಂತ ಮಾಮೂಲಿ ನೆಟ್‌ವರ್ಕ್ ಪ್ರಶ್ನೆ ಎಲ್ಲಾ ಕೇಳಿ ಆಯಿತು. ಆಮೇಲೆ ಎದುರಿಗಿದ್ದ ಹಿರಿಯ ಎಂಜಿನಿಯರ್ ಒಂದು ಬಿಳಿ ಹಾಳೆಯನ್ನು ನನ್ನ ಕಡೆ ಸರಿಸಿದರು.

"ನಲವತ್ತು ಮೀಟರ್ ಆಚೆ ಒಂದು ರೂಮಿದೆ. ಅಲ್ಲಿಗೆ ಪೈಪಿನೊಳಗೆ ಒಂದೇ ಕ್ಯಾಟ್5ಇ ಕೇಬಲ್ ಹೋಗಿದೆ, ಎರಡೂ ತುದಿಯಲ್ಲಿ ಕನೆಕ್ಟರ್ ಇಲ್ಲ. ಇನ್ನೊಂದು ಕೇಬಲ್ ಎಳೆಯೋಕೆ ಪೈಪಲ್ಲಿ ಜಾಗ ಇಲ್ಲ. ಈ ಕಡೆ ಮೇನ್ ನೆಟ್‌ವರ್ಕ್ ಸ್ವಿಚ್‌ನಲ್ಲಿ ಪೋರ್ಟ್ ಖಾಲಿ ಇವೆ. ಆ ಕಡೆ ಇಡೋಕೆ ಸ್ವಿಚ್ ಇಲ್ಲ, ಅಂಗಡಿ ಮುಚ್ಚಿದೆ. ನಿಮ್ಮ ಬ್ಯಾಗಿನಲ್ಲಿ ನಾಲ್ಕು ಆರ್‌ಜೆ45 ಕನೆಕ್ಟರ್, ಒಂದು ಕ್ರಿಂಪಿಂಗ್ ಟೂಲ್, ಒಂದು ಪ್ಯಾಚ್ ಕಾರ್ಡ್ ಇವೆ. ಬೆಳಿಗ್ಗೆಯೊಳಗೆ ಆ ರೂಮಿನ ಎರಡೂ ಕಂಪ್ಯೂಟರ್ ನೆಟ್‌ವರ್ಕ್‌ಗೆ ಬರಬೇಕು. ಏನು ಮಾಡ್ತೀರಿ?"

ಕ್ಯಾಟ್5ಇ ಅಂದರೆ ಮಾಮೂಲಿ ನೆಟ್‌ವರ್ಕ್ ಕೇಬಲ್. ಸ್ವಿಚ್ ಅಂದರೆ ಹಲವು ಕಂಪ್ಯೂಟರ್‌ಗಳನ್ನು ನೆಟ್‌ವರ್ಕ್‌ಗೆ ಜೋಡಿಸುವ ಪೆಟ್ಟಿಗೆ. ಆರ್‌ಜೆ45 ಅಂದರೆ ಕೇಬಲ್ ತುದಿಗೆ ಹಾಕುವ ಎಂಟು ಪಿನ್ನಿನ ಪ್ಲಗ್, ಅದನ್ನು ಕೇಬಲ್‌ಗೆ ಒತ್ತಿ ಕೂರಿಸುವುದೇ ಕ್ರಿಂಪಿಂಗ್. ಪ್ಯಾಚ್ ಕಾರ್ಡ್ ಅಂದರೆ ಎರಡೂ ತುದಿಯಲ್ಲಿ ಪ್ಲಗ್ ಇರುವ ಸಿದ್ಧ ಕೇಬಲ್.

ಪೆನ್ನು ಮುಟ್ಟುವ ಮೊದಲು ನಾನೇ ಮೂರು ಪ್ರಶ್ನೆ ಕೇಳಿದೆ. "ಸರ್, ಎಷ್ಟು ಸ್ಪೀಡ್ ಬೇಕು? ಆ ಕಡೆ ಕೇಬಲ್‌ನಿಂದಲೇ ಕರೆಂಟ್ ತಗೊಳ್ಳೋ ಫೋನ್, ಕ್ಯಾಮೆರಾ ಏನಾದ್ರೂ ಇದೆಯಾ? ಈ ವ್ಯವಸ್ಥೆ ಎಷ್ಟು ದಿನ ಇರಬೇಕು?" ಅವರು ನಕ್ಕರು. "ಬಿಲ್ಲಿಂಗ್ ಸಾಫ್ಟ್‌ವೇರ್ ಅಷ್ಟೇ, 100 ಎಂಬಿಪಿಎಸ್ ಸಾಕು. ಫೋನ್, ಕ್ಯಾಮೆರಾ ಇಲ್ಲ. ಸ್ವಿಚ್ ಬರೋವರೆಗೆ ನಡೆದರೆ ಆಯ್ತು" ಅಂದರು.

ಅಲ್ಲಿಗೆ ದಾರಿ ಕಾಣಿಸಿತು. ಕೇಬಲ್ ಒಳಗಿರುವುದು ಎಂಟು ವೈರು, ಅಂದರೆ ನಾಲ್ಕು ಜೋಡಿ. 100 ಎಂಬಿಪಿಎಸ್‌ಗೆ ಬೇಕಾಗುವುದು ಎರಡೇ ಜೋಡಿ: ಪಿನ್ 1 ಮತ್ತು 2ರಲ್ಲಿ ಒಂದು, 3 ಮತ್ತು 6ರಲ್ಲಿ ಇನ್ನೊಂದು. ಉಳಿದ ಎರಡು ಜೋಡಿ ಸುಮ್ನೆ ಕೂತಿರುತ್ತವೆ. ಆ ಖಾಲಿ ಜೋಡಿಗಳ ಮೇಲೆ ಎರಡನೇ ಕಂಪ್ಯೂಟರ್ ಓಡಿಸಬಹುದು.

ಹಾಳೆಯ ಮೇಲೆ ಚಿತ್ರ ಬರೆದೆ. ಮೊದಲ ಕನೆಕ್ಟರ್‌ನಲ್ಲಿ ವೈಟ್ ಆರೆಂಜ್ 1ಕ್ಕೆ, ಆರೆಂಜ್ 2ಕ್ಕೆ, ವೈಟ್ ಗ್ರೀನ್ 3ಕ್ಕೆ, ಗ್ರೀನ್ 6ಕ್ಕೆ. ಎರಡನೇ ಕನೆಕ್ಟರ್‌ನಲ್ಲಿ ವೈಟ್ ಬ್ಲೂ 1ಕ್ಕೆ, ಬ್ಲೂ 2ಕ್ಕೆ, ವೈಟ್ ಬ್ರೌನ್ 3ಕ್ಕೆ, ಬ್ರೌನ್ 6ಕ್ಕೆ. ಆ ತುದಿಯಲ್ಲೂ ಹೀಗೇ. ನಾಲ್ಕು ಕನೆಕ್ಟರ್‌ಗೆ ಲೆಕ್ಕ ಸರಿಹೋಯಿತು.

ಅವರು ತಕ್ಷಣ ಕೇಳಿದರು, "3 ಆದ ಮೇಲೆ 6 ಯಾಕೆ? 1, 2, 3, 4ರಲ್ಲೇ ಸಾಲಾಗಿ ಹಾಕಬಹುದಲ್ವಾ?"

ಇದಕ್ಕೆ ಉತ್ತರ ನಾನು ಕಲಿತದ್ದು ಕೆಲಸದ ಮೇಲೆ. ಆಗ ಶಿವಮೊಗ್ಗದಲ್ಲಿ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಹೊಸದಾಗಿ ಸೇರಿದ್ದೆ. ಒಂದು ಆಫೀಸಿಗೆ ಸುಮಾರು ಮೂವತ್ತೈದು ಮೀಟರ್ ಕೇಬಲ್ ಎಳೆದೆ. ಬಣ್ಣಗಳನ್ನು ಅಚ್ಚುಕಟ್ಟಾಗಿ ಜೋಡಿಸಿದ್ದೆ: ಆರೆಂಜ್ ಜೋಡಿ, ಪಕ್ಕದಲ್ಲಿ ಗ್ರೀನ್ ಜೋಡಿ, ಆಮೇಲೆ ಬ್ಲೂ, ಕೊನೆಗೆ ಬ್ರೌನ್. ಎರಡೂ ತುದಿ ಒಂದೇ ಥರ. ಕೇಬಲ್ ಟೆಸ್ಟರ್ ಹಾಕಿದರೆ 1ರಿಂದ 8ರವರೆಗೆ ಎಲ್ಲಾ ಲೈಟೂ ಸಾಲಾಗಿ ಬಂದವು. ಆದರೆ ಕಂಪ್ಯೂಟರ್ ಒಂದು ನಿಮಿಷ ನೆಟ್‌ವರ್ಕ್‌ನಲ್ಲಿದ್ದರೆ ಇನ್ನೊಂದು ನಿಮಿಷ ಇರುತ್ತಿರಲಿಲ್ಲ. ಫೈಲ್ ಕಾಪಿ ಅರ್ಧಕ್ಕೇ ನಿಲ್ಲುತ್ತಿತ್ತು. ಲ್ಯಾನ್ ಕಾರ್ಡ್ ಬದಲಿಸಿದೆ, ಸ್ವಿಚ್ ಬದಲಿಸಿದೆ, ಎರಡು ದಿನ ಹೋಯಿತು.

ಮೂರನೇ ದಿನ ಅಂಗಡಿಯ ಹಿರಿಯ ಟೆಕ್ನಿಷಿಯನ್ ಬಂದರು. ನಾವೆಲ್ಲ ಅವರನ್ನು ಅಣ್ಣ ಅಂತಲೇ ಕರೆಯುತ್ತಿದ್ದೆವು. ಕನೆಕ್ಟರನ್ನು ಬೆಳಕಿಗೆ ಹಿಡಿದು ನೋಡಿ ಹೇಳಿದರು, "ನೋಡು, 3ರಲ್ಲಿ ಇರೋದು ಗ್ರೀನ್ ಜೋಡಿಯ ವೈರು, 6ರಲ್ಲಿ ಇರೋದು ಬ್ಲೂ ಜೋಡಿಯ ವೈರು. ಒಟ್ಟಿಗೆ ಕೆಲಸ ಮಾಡಬೇಕಾದ ಎರಡು ವೈರು ಬೇರೆ ಬೇರೆ ಜೋಡಿಯಿಂದ ಬಂದಿವೆ."

ಜೋಡಿಯನ್ನು ಒಂದಕ್ಕೊಂದು ಹೆಣೆದಿರುವುದು ಇದಕ್ಕೇ. ಹೊರಗಿನ ವಿದ್ಯುತ್ ಗದ್ದಲ ಎರಡೂ ವೈರಿನ ಮೇಲೆ ಸಮನಾಗಿ ಬೀಳುತ್ತದೆ. ಆ ತುದಿಯಲ್ಲಿ ಎರಡರ ವ್ಯತ್ಯಾಸ ಮಾತ್ರ ಓದುವುದರಿಂದ ಗದ್ದಲ ಕಳೆದುಹೋಗುತ್ತದೆ. ಜೋಡಿ ಒಡೆದರೆ ಆ ರಕ್ಷಣೆ ಇಲ್ಲ. ಪಕ್ಕದ ಜೋಡಿಯ ಸಿಗ್ನಲ್ ಕೂಡ ಒಳಗೆ ನುಗ್ಗುತ್ತದೆ. ಲೈಟ್ ತೋರಿಸುವ ಸಾದಾ ಟೆಸ್ಟರ್ ವೈರು ಮುಟ್ಟಿದೆಯಾ ಅಂತ ಮಾತ್ರ ನೋಡುತ್ತದೆ, ಯಾವ ಜೋಡಿಯ ವೈರು ಅಂತ ನೋಡುವುದಿಲ್ಲ. ಎರಡು ಮೀಟರ್ ಕೇಬಲ್ ಆಗಿದ್ದರೆ ಬಹುಶಃ ನಡೆದುಬಿಡುತ್ತಿತ್ತು. ಮೂವತ್ತೈದು ಮೀಟರ್‌ನಲ್ಲಿ ನಡೆಯಲಿಲ್ಲ. ಕನೆಕ್ಟರ್ ಹತ್ತಿರ ಹೆಣಿಗೆಯನ್ನು 13 ಮಿಲಿಮೀಟರ್‌ಗಿಂತ ಜಾಸ್ತಿ ಬಿಚ್ಚಬಾರದು ಅನ್ನುವ ನಿಯಮವೂ ಆವತ್ತೇ ನನಗೆ ಅರ್ಥವಾಗಿದ್ದು.

ಇಂಟರ್‌ವ್ಯೂನಲ್ಲಿ ಇದನ್ನೇ ಹೇಳಿದೆ: ಪೋರ್ಟ್ 3 ಮತ್ತು 6ನ್ನೇ ಜೋಡಿಯಾಗಿ ಬಳಸುತ್ತದೆ, ಆದ್ದರಿಂದ ಒಂದೇ ಜೋಡಿಯ ಎರಡು ವೈರು ಅಲ್ಲಿಗೇ ಹೋಗಬೇಕು. ಅವರು ತಲೆಯಾಡಿಸಿ ಮುಂದಿನ ಪ್ರಶ್ನೆ ಹಾಕಿದರು. "ಸರಿ, ಕ್ರಿಂಪ್ ಮಾಡುವಾಗ ಒಂದು ಕನೆಕ್ಟರ್ ಹಾಳಾಯ್ತು. ಈಗ ಮೂರೇ."

ಪ್ಯಾಚ್ ಕಾರ್ಡ್ ಇದೆಯಲ್ಲ! ಅದನ್ನು ಮಧ್ಯಕ್ಕೆ ಕತ್ತರಿಸಿದರೆ ಕಾರ್ಖಾನೆಯಲ್ಲೇ ಕ್ರಿಂಪ್ ಆದ ಎರಡು ತುದಿ ಸಿಗುತ್ತವೆ. ಒಂದು ಅರ್ಧದ ಆರೆಂಜ್ ಜೋಡಿಗೆ ನಮ್ಮ ಕೇಬಲ್‌ನ ಬ್ಲೂ ಜೋಡಿ, ಗ್ರೀನ್ ಜೋಡಿಗೆ ಬ್ರೌನ್ ಜೋಡಿ ಸೇರಿಸಬೇಕು. ಪ್ಯಾಚ್ ಕಾರ್ಡ್‌ನ ವೈರು ಎಳೆ ಎಳೆಯಾಗಿರುತ್ತದೆ, ಗೋಡೆಯೊಳಗಿನ ಕೇಬಲ್‌ದು ಒಂದೇ ಗಟ್ಟಿ ತಂತಿ. ಸುಮ್ಮನೆ ತಿರುಚಿದರೆ ಸಡಿಲವಾಗುತ್ತದೆ, ಬೆಸುಗೆ ಹಾಕಿದರೆ ಒಳ್ಳೆಯದು. ನಾಲ್ಕು ಜಾಯಿಂಟ್ ಒಂದೇ ಜಾಗದಲ್ಲಿ ಬರದ ಹಾಗೆ ಸ್ವಲ್ಪ ಹಿಂದೆ ಮುಂದೆ ಕತ್ತರಿಸಬೇಕು. ಪ್ರತಿಯೊಂದಕ್ಕೂ ಬೇರೆ ಬೇರೆ ಟೇಪ್ ಸುತ್ತಬೇಕು. ಇದು ಒಳ್ಳೆಯ ಕೆಲಸವೇನಲ್ಲ, ಆದರೆ ಒಂದೆರಡು ದಿನಕ್ಕೆ ನಡೆಯುತ್ತದೆ.

ಕೊನೆಯ ಪ್ರಶ್ನೆಗೆ ನಾನು ಸ್ವಲ್ಪ ಹೊತ್ತು ತಗೊಂಡೆ. "ಸ್ವಿಚ್ಚೂ ಗಿಗಾಬಿಟ್, ಕಂಪ್ಯೂಟರೂ ಗಿಗಾಬಿಟ್. ನೀವು ಎರಡೇ ಜೋಡಿ ಕೊಟ್ಟಿದ್ದೀರಿ. ಏನಾಗುತ್ತೆ?"

ಗಿಗಾಬಿಟ್‌ಗೆ, ಅಂದರೆ 1000 ಎಂಬಿಪಿಎಸ್‌ಗೆ, ನಾಲ್ಕೂ ಜೋಡಿ ಬೇಕು. ಆದರೆ ಯಾವ ಸ್ಪೀಡ್ ಅನ್ನುವ ಮಾತುಕತೆ ನಡೆಯುವುದು ನಾವು ಕೊಟ್ಟ ಆ ಎರಡು ಜೋಡಿಯ ಮೇಲೆಯೇ. ಎರಡೂ ಕಡೆಯವರು 1000ಕ್ಕೆ ಒಪ್ಪಿಕೊಂಡುಬಿಡುತ್ತಾರೆ, ಆಮೇಲೆ ಲಿಂಕ್ ಏಳುವುದೇ ಇಲ್ಲ. ಕೆಲವು ಲ್ಯಾನ್ ಕಾರ್ಡ್‌ಗಳು ತಾವಾಗಿಯೇ 100ಕ್ಕೆ ಇಳಿಯುತ್ತವೆ, ಕೆಲವು ಇಳಿಯುವುದಿಲ್ಲ. ಅದನ್ನು ನಂಬಿಕೊಂಡು ಕೂರಬಾರದು. ಈ ಮಾತುಕತೆಯನ್ನು, ಅಂದರೆ ಆಟೋ ನೆಗೋಷಿಯೇಷನ್, ಆನ್ ಇಟ್ಟೇ, ಗಿಗಾಬಿಟ್ ಬೇಡ, 100 ಮಾತ್ರ ಅಂತ ಸ್ವಿಚ್ ಪೋರ್ಟ್‌ನಲ್ಲಿ ಹೇಳಬೇಕು. ಆ ಅವಕಾಶ ಇಲ್ಲದಿದ್ದರೆ ಎರಡೂ ತುದಿಯಲ್ಲಿ 100 ಫುಲ್ ಡ್ಯುಪ್ಲೆಕ್ಸ್ (ಕಳಿಸುವುದು, ಪಡೆಯುವುದು ಎರಡೂ ಒಟ್ಟಿಗೆ) ಅಂತ ಕೈಯಾರೆ ಇಡಬೇಕು. ಒಂದೇ ಕಡೆ ಹಾಗೆ ಇಟ್ಟು ಇನ್ನೊಂದು ಕಡೆ ಆಟೋ ಬಿಟ್ಟರೆ, ಆಟೋ ಇರುವ ಕಡೆ ಹಾಫ್ ಡ್ಯುಪ್ಲೆಕ್ಸ್‌ಗೆ (ಒಂದು ಸಲಕ್ಕೆ ಕಳಿಸುವುದು ಇಲ್ಲವೇ ಪಡೆಯುವುದು) ಬೀಳುತ್ತದೆ. ಆಗ ಲಿಂಕ್ ಇದೆಯಾ ಅಂತ ನೋಡುವ ಸಣ್ಣ ಪರೀಕ್ಷೆ, ಪಿಂಗ್, ಚೆನ್ನಾಗಿಯೇ ಹೋಗುತ್ತದೆ, ದೊಡ್ಡ ಫೈಲ್ ಮಾತ್ರ ತೆವಳುತ್ತದೆ. ಹುಡುಕುವುದು ಬಲು ಕಷ್ಟ.

ಕೆಲಸ ಸಿಕ್ಕಿತು. ಸೇರಿದ ಕೆಲವೇ ತಿಂಗಳಲ್ಲಿ ಇದೇ ಪರಿಸ್ಥಿತಿ ನಿಜವಾಗಿಯೂ ಎದುರಾಯಿತು. ಶನಿವಾರ ರಾತ್ರಿ, ಒಂದು ಗೋದಾಮು, ಸುಟ್ಟುಹೋದ ಸಣ್ಣ ಸ್ವಿಚ್. ಹಾಳೆಯ ಮೇಲೆ ಬರೆದದ್ದನ್ನೇ ಅಲ್ಲಿ ಮಾಡಿದೆ. ಹೊರಡುವ ಮೊದಲು ಎರಡೂ ತುದಿಗೆ ಬಿಳಿ ಟೇಪ್ ಸುತ್ತಿ, "ಈ ಕೇಬಲ್‌ನಲ್ಲಿ ಎರಡು ಲಿಂಕ್ ಇವೆ, 100 ಮಾತ್ರ" ಅಂತ ಬರೆದು ತಾರೀಖು ಹಾಕಿದೆ. ಮುಂದೆ ಬರುವವನಿಗೆ ಇದು ಗೊತ್ತಾಗಲೇಬೇಕು. ಅವನು ಒಂದು ತುದಿಯನ್ನು ಮಾಮೂಲಿಯಾಗಿ ಎಂಟೂ ವೈರು ಹಾಕಿ ಕ್ರಿಂಪ್ ಮಾಡಿ, ಆ ತುದಿಯಲ್ಲಿ ಏನಿದೆ ಅಂತ ನೋಡದೆ ಕೇಬಲ್‌ನಲ್ಲೇ ಕರೆಂಟ್ ಕಳಿಸುವ ಕ್ಯಾಮೆರಾದ ಸಾದಾ ಪವರ್ ಇಂಜೆಕ್ಟರ್ ಚುಚ್ಚಿದ ಅಂತಿಟ್ಟುಕೊಳ್ಳಿ. ಬ್ಲೂ, ಬ್ರೌನ್ ಜೋಡಿಯ ಮೇಲೆ ಹೋಗುವ ಕರೆಂಟ್ ಸೀದಾ ಇನ್ನೊಂದು ಕಂಪ್ಯೂಟರ್‌ನ ಪೋರ್ಟಿಗೆ ಹೋಗಿ ನಿಲ್ಲುತ್ತದೆ.

ಸೋಮವಾರ ಎಸ್‌ಪಿ ರೋಡ್‌ನಲ್ಲಿ ಅಂಗಡಿ ತೆಗೆಯುವ ಹೊತ್ತಿಗೆ ಹೋಗಿ ಐದು ಪೋರ್ಟಿನ ಸ್ವಿಚ್ ತಂದೆ. ನಾಲ್ಕೂ ಕನೆಕ್ಟರ್ ಕತ್ತರಿಸಿ ಎಸೆದು, ಎಂಟೂ ವೈರು ಸರಿಯಾಗಿ ಹಾಕಿ ಮತ್ತೆ ಕ್ರಿಂಪ್ ಮಾಡಿದೆ.

ಈಗ ಇಂಟರ್‌ವ್ಯೂ ತಗೊಳ್ಳುವ ಸರದಿ ನನ್ನದು. ಇದೇ ಪ್ರಶ್ನೆ ಕೇಳುತ್ತೇನೆ, ಆದರೆ ಹಾಳೆ ಕೊಡುವುದಿಲ್ಲ. ಒಂದು ಮೀಟರ್ ಕೇಬಲ್, ನಾಲ್ಕು ಕನೆಕ್ಟರ್, ಟೂಲ್ ಮೇಜಿನ ಮೇಲೆ ಇಡುತ್ತೇನೆ. ಪಿನ್ ನಂಬರ್ ಮರೆತವರಿಗೆ ನಾನೇ ಹೇಳಿಕೊಡುತ್ತೇನೆ. ಕೇಬಲ್ ಕೈಗೆತ್ತಿಕೊಳ್ಳುವ ಮೊದಲು "ಸರ್, ಎಷ್ಟು ಸ್ಪೀಡ್ ಬೇಕು?" ಅಂತ ಕೇಳುತ್ತಾರಾ ಅಂತ ಕಾಯುತ್ತೇನೆ.