ಮಗು ನೋಡಿಕೊಂಡು ಮನೆಯಲ್ಲಿದ್ದಾಗ ನಾವಿಬ್ಬರು ಹಾಕಿದ ಲೆಕ್ಕ

ಮಗು ಹುಟ್ಟಿದ ಮೇಲೆ ನಾನು ಕೆಲಸ ಬಿಡಬೇಕಾ ಬೇಡವಾ ಅಂತ ಮಾತು ಬಂದಾಗ, ಎಲ್ಲರೂ ಹೇಳಿದ್ದು ಒಂದೇ ಲೆಕ್ಕ. ನಿನ್ನ ಸಂಬಳದಲ್ಲಿ ತೆರಿಗೆ, ಓಡಾಟದ ಖರ್ಚು, ಮಗು ನೋಡಿಕೊಳ್ಳುವವರಿಗೆ ಕೊಡೋದು ಎಲ್ಲ ಕಳೆದರೆ ಉಳಿಯೋದೆಷ್ಟು? ಅಷ್ಟಕ್ಕೆ ಯಾಕೆ ಒದ್ದಾಟ? ನಾನು ಲೆಕ್ಕಪತ್ರದ ಕೆಲಸದಲ್ಲೇ ಇದ್ದವಳು. ನನಗೆ ಇದು ಒಪ್ಪಿಗೆಯಾಗಲಿಲ್ಲ. ಮಗು ಇಬ್ಬರದ್ದು. ಹಾಗಿದ್ದ ಮೇಲೆ ಅದನ್ನು ನೋಡಿಕೊಳ್ಳುವ ಖರ್ಚನ್ನು ನನ್ನ ಸಂಬಳದಿಂದ ಮಾತ್ರ ಯಾಕೆ ಕಳೆಯಬೇಕು?

ನಮ್ಮನೆಯವರನ್ನು ಇದನ್ನೇ ಕೇಳಿದೆ. "ನೀನು ಹೇಳೋದು ಸರಿ. ಇಬ್ಬರೂ ಕೂತು ಮೊದಲಿಂದ ಲೆಕ್ಕ ಹಾಕೋಣ" ಅಂದರು. ಮಗುವಿನ ಜೊತೆ ಇರುವ ಆಸೆ ನನಗೆ ತುಂಬಾ ಇತ್ತು. ಹಾಗಾಗಿ ಕೆಲವು ವರ್ಷ ನಾನು ಮನೆಯಲ್ಲಿರೋದು ಅಂತಲೇ ತೀರ್ಮಾನವಾಯಿತು. ಆದರೆ ಅದರಿಂದ ಮನೆಗೆ ಎಷ್ಟು ಸಿಗುತ್ತದೆ, ನನ್ನ ಕೈಯಿಂದ ಎಷ್ಟು ಹೋಗುತ್ತದೆ ಅನ್ನೋದು ಇಬ್ಬರಿಗೂ ಗೊತ್ತಿರಬೇಕು ಅಂತ ಹಟ ಹಿಡಿದೆ.

ಮೊದಲು ಗಂಟೆಗಳ ಲೆಕ್ಕ. ಸಮಯ ಬಳಕೆ ಸಮೀಕ್ಷೆಗಳಲ್ಲಿ ಇಡೀ ದಿನವನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಯಾವ ಹೊತ್ತಿನಲ್ಲಿ ಏನು ಮಾಡಿದಿರಿ ಅಂತ ಬರೆದುಕೊಳ್ಳುತ್ತಾರೆ. ನಾನೂ ಒಂದು ನೋಟ್‌ಬುಕ್ಕಿನಲ್ಲಿ ಅರ್ಧ ಗಂಟೆಗೊಂದು ಸಾಲು ಹಾಕಿದೆ. ಒಂದು ಬೆಳಗಿನ ಪುಟ ಹೀಗಿದೆ: "9:30, ಬಟ್ಟೆ ಒಣಗಿಸಿದ್ದು, ಮಗು ಪಕ್ಕದಲ್ಲೇ ಬಕೆಟ್ ಎಳೆದಾಡುತ್ತಿತ್ತು. 10, ಊಟ ಮಾಡಿಸಿದ್ದು, ಅರ್ಧ ನೆಲಕ್ಕೆ, ನೆಲ ಒರೆಸಿದ್ದು. 10:30, ಮಲಗಿಸಿದ್ದು. 11, ಅಡುಗೆ, ಕಿವಿ ಮಗುವಿನ ಕಡೆ." ಈ ಕಿವಿಯ ಕೆಲಸಕ್ಕೆ ಆಮೇಲೆ ಬೇರೆ ಕಾಲಂ ಮಾಡಿದೆ. ಮಗು ಮಲಗಿದ ಹೊತ್ತು ಬಿಡುವು ಅಂತ ನೋಡುವವರಿಗೆ ಅನ್ನಿಸುತ್ತದೆ. ಆದರೆ ಬಾಗಿಲು ಹಾಕಿಕೊಂಡು ಹೊರಗೆ ಹೋಗೋಕೆ ಆಗಲ್ಲ. ಸಂಬಳ ಕೊಟ್ಟು ಯಾರನ್ನಾದರೂ ಇಟ್ಟುಕೊಂಡಿದ್ದರೆ ಆ ಹೊತ್ತಿಗೂ ದುಡ್ಡು ಕೊಡಲೇಬೇಕಿತ್ತು, ಅಲ್ವಾ?

ಯಾವುದನ್ನು ಕೆಲಸ ಅಂತ ಬರೆಯೋದು, ಯಾವುದನ್ನು ಬಿಡೋದು? ಇದಕ್ಕೆ ಅರ್ಥಶಾಸ್ತ್ರಜ್ಞೆ ಮಾರ್ಗರೆಟ್ ರೀಡ್ 1934ರಲ್ಲೇ ಕೊಟ್ಟ ಅಳತೆ ಇದೆ. ಬೇರೆಯವರಿಗೆ ದುಡ್ಡು ಕೊಟ್ಟು ಮಾಡಿಸಬಹುದಾದರೆ ಅದು ಉತ್ಪಾದನೆ, ಅಂದರೆ ಲೆಕ್ಕಕ್ಕೆ ಬರುವ ಕೆಲಸ. ನನ್ನ ಊಟ, ನನ್ನ ನಿದ್ದೆ ಇದರಲ್ಲಿ ಬರಲ್ಲ. ಸ್ನಾನ ಮಾಡಿಸೋದು, ಆಟ ಆಡಿಸೋದು ಬರುತ್ತದೆ.

ಇನ್ನು ಬೆಲೆ ಕಟ್ಟೋದು. ಎರಡು ದಾರಿ ಇವೆ. ಇದೇ ಕೆಲಸಕ್ಕೆ ಬೇರೆಯವರನ್ನು ಇಟ್ಟರೆ ಎಷ್ಟು ಕೊಡಬೇಕು ಅನ್ನೋದು ಒಂದು. ನಾನು ಬಿಟ್ಟ ಸಂಬಳ ಎಷ್ಟು ಅನ್ನೋದು ಇನ್ನೊಂದು. ಎರಡನೆಯದರ ಪ್ರಕಾರ ಡಾಕ್ಟರ್ ಮಗುವಿಗೆ ಸ್ನಾನ ಮಾಡಿಸಿದರೆ ಗುಮಾಸ್ತೆ ಮಾಡಿಸಿದ್ದಕ್ಕಿಂತ ಜಾಸ್ತಿ ಬೆಲೆ. ಮಗುವಿಗೆ ಎರಡೂ ಒಂದೇ ಸ್ನಾನ. ಈ ಎರಡು ದಾರಿಯಲ್ಲಿ ಒಂದನ್ನು ಆರಿಸಬೇಕಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ. ಮೊದಲನೆಯದು ಮನೆಗೆ ಸಿಕ್ಕಿದ್ದನ್ನು ಹೇಳುತ್ತದೆ, ಎರಡನೆಯದು ನಾನು ಕಳೆದುಕೊಂಡಿದ್ದನ್ನು. ಎರಡನ್ನೂ ಅಕ್ಕಪಕ್ಕ ಬರೆದಿಟ್ಟೆವು. ಇನ್ನೊಂದು ವಿಷಯ: ಮನೆಯಲ್ಲಿ ಮಾಡಿದ ಕೆಲಸಕ್ಕೆ ತೆರಿಗೆ ಇಲ್ಲ. ಅದೇ ಕೆಲಸವನ್ನು ಕೊಂಡುಕೊಳ್ಳಬೇಕಾದರೆ ತೆರಿಗೆ ಕಟ್ಟಿ ಉಳಿದ ದುಡ್ಡಿನಲ್ಲಿ ಕೊಳ್ಳಬೇಕು. ಮನೆಯಲ್ಲಿರುವವರ ಕಡೆಗೆ ಇದು ದೊಡ್ಡ ಲಾಭ.

ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2018ರಲ್ಲಿ ಕೊಟ್ಟ ಅಂದಾಜಿನ ಪ್ರಕಾರ ಜಗತ್ತಿನಲ್ಲಿ ದಿನಕ್ಕೆ 1,640 ಕೋಟಿ ಗಂಟೆ ಇಂಥ ಸಂಬಳವಿಲ್ಲದ ಕೆಲಸ ನಡೆಯುತ್ತದೆ. 200 ಕೋಟಿ ಜನ ದಿನಕ್ಕೆ 8 ಗಂಟೆ ಬಿಟ್ಟಿ ದುಡಿದ ಹಾಗೆ. ಅದರ ಮುಕ್ಕಾಲು ಭಾಗ ಹೆಂಗಸರದ್ದು. ಇದ್ಯಾವುದೂ ಜಿಡಿಪಿಯಲ್ಲಿ, ಅಂದರೆ ದೇಶದ ಒಟ್ಟು ಉತ್ಪಾದನೆಯ ಲೆಕ್ಕದಲ್ಲಿ, ಸೇರಲ್ಲ. ಅದೇ ಕೆಲಸವನ್ನು ಸಂಬಳಕ್ಕೆ ಬೇರೆ ಮನೆಯಲ್ಲಿ ಮಾಡಿದರೆ ಸೇರುತ್ತದೆ. ನನ್ನ ನೋಟ್‌ಬುಕ್ ಮುಂದಿಟ್ಟುಕೊಂಡು ಇದನ್ನು ಓದಿದಾಗ ಹೊಟ್ಟೆ ಉರಿಯಿತು.

ನಿಜವಾಗಿ ನಮ್ಮ ಕಣ್ಣು ತೆರೆಸಿದ್ದು ವರ್ಷಗಳ ಪಟ್ಟಿ. ಕೆಲಸದಲ್ಲಿ ಉಳಿದರೆ ನನ್ನ ಸಂಬಳ ನಿವೃತ್ತಿಯವರೆಗೆ ಹೇಗೆ ಏರುತ್ತದೆ ಅಂತ ಒಂದು ಸಾಲು. ಬಿಟ್ಟು ಮತ್ತೆ ಸೇರಿದರೆ ಹೇಗೆ ಅಂತ ಇನ್ನೊಂದು. ಮಗು ಶಾಲೆಗೆ ಸೇರಿದ ಮೇಲೆ ನೋಡಿಕೊಳ್ಳುವ ಖರ್ಚು ಇಳಿಯುತ್ತದೆ. ಆದರೆ ಆ ಎರಡು ಸಾಲುಗಳ ನಡುವಿನ ಅಂತರ ಮುಚ್ಚೋದೇ ಇಲ್ಲ. ತಪ್ಪಿದ ಇನ್‌ಕ್ರಿಮೆಂಟು, ತಪ್ಪಿದ ಬಡ್ತಿ, ನಿವೃತ್ತಿ ಉಳಿತಾಯಕ್ಕೆ ಬೀಳದ ದುಡ್ಡು, ಅದರ ಮೇಲಿನ ಬಡ್ಡಿಯ ಬಡ್ಡಿ. ಹೆರಿಗೆ ರಜೆ, ಶಿಶುವಿಹಾರ ಎಲ್ಲ ಚೆನ್ನಾಗಿರುವ ಡೆನ್ಮಾರ್ಕಿನಲ್ಲೇ, ಮಗುವಾದ ಮೇಲೆ ಹೆಂಗಸರ ಗಳಿಕೆ ದೀರ್ಘಾವಧಿಯಲ್ಲಿ ಗಂಡಸರಿಗಿಂತ ಸುಮಾರು 20% ಹಿಂದೆ ಬೀಳುತ್ತದೆ ಅಂತ ಅರ್ಥಶಾಸ್ತ್ರಜ್ಞ ಹೆನ್ರಿಕ್ ಕ್ಲೆವೆನ್ ಮತ್ತು ಜೊತೆಗಾರರ ಅಧ್ಯಯನ ತೋರಿಸಿದೆ. ಗಂಡಸರ ಗಳಿಕೆ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಒಂದು ತಿಂಗಳ ಸಂಬಳದ ಕೂಡು-ಕಳೆಯಲ್ಲಿ ಇದು ಕಾಣೋದೇ ಇಲ್ಲ.

ಆ ಪಟ್ಟಿ ನೋಡಿ ನಮ್ಮನೆಯವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ನಷ್ಟ ಪೂರ್ತಿ ನಿನ್ನ ಹೆಸರಲ್ಲೇ ಇದೆಯಲ್ಲ" ಅಂದರು. ಅವತ್ತೇ ನಿರ್ಧಾರ ಮಾಡಿದೆವು. ನಾನು ಕೆಲಸದಲ್ಲಿದ್ದಿದ್ದರೆ ನಿವೃತ್ತಿ ಉಳಿತಾಯಕ್ಕೆ ನಾನು ಹಾಕುತ್ತಿದ್ದ ಪಾಲು, ಆಫೀಸು ಹಾಕುತ್ತಿದ್ದ ಪಾಲು, ಎರಡೂ ಸೇರಿಸಿ ಅಷ್ಟು ದುಡ್ಡು ಪ್ರತಿ ತಿಂಗಳು ನನ್ನ ಹೆಸರಿನ ಉಳಿತಾಯಕ್ಕೆ ಹೋಗಬೇಕು. ಮನೆಖರ್ಚಿನ ದುಡ್ಡು ಬೇರೆ, ಇದು ಬೇರೆ. ಜೀವವಿಮೆ ಮಾಡಿಸುವಾಗ ನನ್ನ ಹೆಸರಲ್ಲೂ ಮಾಡಿಸಿದೆವು. ದುಡಿಯದವಳಿಗೆ ಯಾಕೆ ವಿಮೆ ಅಂತ ಮನೆಯಲ್ಲೇ ಕೇಳಿದವರಿದ್ದರು. ನಾನು ನೋಟ್‌ಬುಕ್ ತೋರಿಸಿದೆ. ನಾಳೆ ನಾನಿಲ್ಲದಿದ್ದರೆ ಈ ಅಷ್ಟೂ ಗಂಟೆಗಳನ್ನು ದುಡ್ಡು ಕೊಟ್ಟೇ ಕೊಳ್ಳಬೇಕು.

ಮಗು ಶಾಲೆಗೆ ಸೇರಿದ ಮೇಲೆ ನಾನು ಮತ್ತೆ ಕೆಲಸಕ್ಕೆ ಹೋದೆ. ಜೊತೆಗೆ ಸೇರಿದವರು ನನಗಿಂತ ಎರಡು ಮೆಟ್ಟಿಲು ಮೇಲಿದ್ದರು. ಪಟ್ಟಿಯಲ್ಲಿ ಬರೆದಿದ್ದೇ ಆದರೂ ಕಂಡಾಗ ಬೇಜಾರಾಯಿತು. ಮನೆಯ ಗಂಟೆಗಳು ಮಾತ್ರ ಹಾಗೇ ಇದ್ದವು. ಶಾಲೆ ಬೇಗ ಬಿಡುವ ದಿನ, ಜ್ವರದ ದಿನ, ರಜೆಯ ತಿಂಗಳು. ಅದಕ್ಕೇ ಈಗ ನೋಟ್‌ಬುಕ್ಕಿನಲ್ಲಿ ಇಬ್ಬರ ಹೆಸರಿಗೂ ಒಂದೊಂದು ಕಾಲಂ ಇದೆ. ಮಗುವಿಗೆ ಹುಷಾರಿಲ್ಲದಾಗ ಯಾರು ರಜೆ ಹಾಕಿದರು ಅನ್ನೋದನ್ನು ಬರೆಯುತ್ತೇವೆ. ಮುಂದಿನ ಸಲ ಇನ್ನೊಬ್ಬರ ಸರದಿ.