ಶರದೃತುವಿನ ಓದಿಗೆ ಹೊಸ ಪುಸ್ತಕಗಳನ್ನು ನಾನು ಆರಿಸುವ ಬಗೆ

ಮಳೆ ಹಿಂದೆಗೆದು, ನವರಾತ್ರಿಯಿಂದ ದೀಪಾವಳಿಯಾಚೆಗೂ ಹಬ್ಬುವ ಆಶ್ವಯುಜ ಮತ್ತು ಕಾರ್ತಿಕ ಮಾಸಗಳು ನನ್ನ ಪಾಲಿಗೆ ಹೊಸ ಪುಸ್ತಕಗಳ ಕಾಲ. ನಮ್ಮ ಮನೆಯಲ್ಲಿ ಮೂಲಾ ನಕ್ಷತ್ರದ ದಿನ ಸರಸ್ವತಿಯ ಆವಾಹನೆಯಾಗುತ್ತದೆ. ಅಂದು ಪೂಜೆಗೆ ಇಟ್ಟ ಪುಸ್ತಕಗಳನ್ನು ಶ್ರವಣ ನಕ್ಷತ್ರದಲ್ಲಿ ವಿಸರ್ಜನೆಯಾಗುವವರೆಗೆ ಯಾರೂ ತೆರೆಯುವಂತಿಲ್ಲ. ಚಿಕ್ಕವಳಿದ್ದಾಗ ಪಠ್ಯಪುಸ್ತಕಗಳನ್ನು ಇಡುತ್ತಿದ್ದೆ. ಈಗ ಆ ಋತುವಿಗೆಂದು ಆರಿಸಿಕೊಂಡ ಹೊಸ ಪುಸ್ತಕಗಳನ್ನು ಇಡುತ್ತೇನೆ. ಕಣ್ಣೆದುರಿಗಿದ್ದೂ ಅವು ಕೈಗೆ ಸಿಗದ ಆ ಕೆಲವು ದಿನಗಳ ಕಾತರ ನನಗೆ ಬಹಳ ಪ್ರಿಯವಾದದ್ದು.

ಹೀಗೆ ಇಡುವುದು ನಾಲ್ಕೇ ಪುಸ್ತಕಗಳನ್ನು. ಕೆಲವು ವರ್ಷಗಳ ಹಿಂದೆ ರಾಜ್ಯೋತ್ಸವದ ರಿಯಾಯಿತಿ ಮಾರಾಟದಲ್ಲಿ ಒಂದೇ ದಿನ 23 ಪುಸ್ತಕಗಳನ್ನು ಕೊಂಡಿದ್ದೆ. ಯುಗಾದಿಯ ಹೊತ್ತಿಗೆ ಓದಿ ಮುಗಿಸಿದ್ದು ಆರನ್ನು ಮಾತ್ರ. ಅವುಗಳಲ್ಲಿ ಒಂದು ಕಾದಂಬರಿಯಂತೂ ನಮ್ಮ ಕಪಾಟಿನಲ್ಲಿ ಮೊದಲೇ ಇದ್ದದ್ದು, ಹೊಸ ಮುಖಪುಟ ತೊಟ್ಟು ಮರುಮುದ್ರಣವಾಗಿತ್ತು. ಅಂದಿನಿಂದ ಯಾವ ಪುಸ್ತಕವನ್ನು ಕೈಗೆತ್ತಿಕೊಂಡರೂ ಮೊದಲು ನೋಡುವುದು ಮುದ್ರಣದ ವಿವರಗಳಿರುವ ಪುಟವನ್ನು. ಮೊದಲ ಮುದ್ರಣ ಯಾವಾಗ, ಎಷ್ಟು ಪ್ರತಿಗಳು, ಅನುವಾದವಾದರೆ ಮೂಲ ಯಾವ ಭಾಷೆಯದು ಎಂಬುದೆಲ್ಲ ಸಾಮಾನ್ಯವಾಗಿ ಅಲ್ಲಿಯೇ ಸಿಗುತ್ತದೆ.

ಮುನ್ನುಡಿ, ಬೆನ್ನುಡಿಗಳನ್ನು ಆಯ್ಕೆಯ ಹೊತ್ತಿನಲ್ಲಿ ಓದುವುದಿಲ್ಲ, ಏಕೆಂದರೆ ಅವುಗಳನ್ನು ಬರೆದವರು ಎಷ್ಟೋ ಸಲ ಲೇಖಕರ ಗುರುಗಳೋ ಗೆಳೆಯರೋ ಆಗಿರುತ್ತಾರೆ. ಅದರ ಬದಲು ನಡುವಿನ ಎರಡು ಪುಟಗಳನ್ನು ಅಂಗಡಿಯಲ್ಲೇ ನಿಂತು ನಿಧಾನವಾಗಿ ಓದುತ್ತೇನೆ. ಕಥಾಸಂಕಲನವಾದರೆ ಶೀರ್ಷಿಕೆಯ ಕತೆಯನ್ನು ಬಿಟ್ಟು ಕೊನೆಯ ಕತೆಯನ್ನು ತೆರೆದು, ಪಾತ್ರಗಳ ಮಾತು ನಿರೂಪಕರ ಕನ್ನಡಕ್ಕಿಂತ ಬೇರೆಯಾಗಿ ಕೇಳಿಸುತ್ತದೆಯೇ ಎಂದು ಗಮನಿಸುತ್ತೇನೆ. ಕಲಬುರಗಿಯ ಅಜ್ಜಿಯೂ ಕುಂದಾಪುರದ ಹುಡುಗನೂ ಒಂದೇ ಬಗೆಯ ಕನ್ನಡವನ್ನಾಡಿದರೆ ನನಗೆ ಆ ಲೋಕದಲ್ಲಿ ನಂಬಿಕೆ ಹುಟ್ಟುವುದಿಲ್ಲ. ಅನುವಾದದಲ್ಲಿ ‘ಅವನು ತನ್ನ ಕೈಗಳನ್ನು ತನ್ನ ಜೇಬುಗಳಲ್ಲಿ ಇರಿಸಿದನು’ ಎಂಬಂಥ ವಾಕ್ಯ ಎದುರಾದರೆ, ಮೂಲ ಎಷ್ಟೇ ದೊಡ್ಡ ಕೃತಿಯಾಗಿರಲಿ, ಕೆಳಗಿಡುತ್ತೇನೆ. ಜೇಬಿಗೆ ಕೈ ಹಾಕಿಕೊಂಡ ಎನ್ನಬಲ್ಲ ಅನುವಾದಕರ ಹೆಸರನ್ನು ಮಾತ್ರ ಬರೆದಿಟ್ಟುಕೊಳ್ಳುತ್ತೇನೆ.

ಬರೆದಿಟ್ಟುಕೊಳ್ಳಲು ನನ್ನ ಬಳಿ ಒಂದು ನೋಟ್‌ಪುಸ್ತಕವೇ ಇದೆ. ದೀಪಾವಳಿ ವಿಶೇಷಾಂಕಗಳ ಕಥಾಸ್ಪರ್ಧೆಗಳಲ್ಲಿ ಮನಸ್ಸಿಗೆ ಹಿಡಿಸಿದ ಹೊಸ ಕತೆಗಾರರ ಹೆಸರುಗಳು ಅದರಲ್ಲಿ ಹೆಚ್ಚು. ಅವರ ಮೊದಲ ಸಂಕಲನ ಬರಲು ಎರಡು ವರ್ಷವೂ ಆಗಬಹುದು, ಐದು ವರ್ಷವೂ ಆಗಬಹುದು. ಆದರೆ ಒಂದು ದಿನ ಪ್ರಕಾಶಕರ ಪ್ರಕಟಣೆಯಲ್ಲಿ ಆ ಹೆಸರು ಕಂಡಾಗ ಆಗುವ ಸಂತೋಷಕ್ಕೆ, ಯಾವ ಶಿಫಾರಸು ಓದಿ ಕೊಂಡ ಪುಸ್ತಕವೂ ಸಮನಲ್ಲ. 1933ರಲ್ಲಿ ಆರಂಭವಾದ ಧಾರವಾಡದ ಮನೋಹರ ಗ್ರಂಥಮಾಲೆ, ಹೆಗ್ಗೋಡಿನ ಅಕ್ಷರ ಪ್ರಕಾಶನ, ಬೆಂಗಳೂರಿನ ‘ಛಂದ ಪುಸ್ತಕ’ ಎಂಬ ಪ್ರಕಾಶನ ಸಂಸ್ಥೆಗಳ ಹೊಸ ಪ್ರಕಟಣೆಗಳನ್ನು ಆಗಸ್ಟ್‌ನಿಂದಲೇ ಗಮನಿಸುತ್ತಿರುತ್ತೇನೆ.

ಪ್ರಶಸ್ತಿಗಳ ವಿಷಯದಲ್ಲಿ ನನಗೆ ಅವಸರವಿಲ್ಲ. ಅಕ್ಟೋಬರಿನಲ್ಲಿ ಸಾಹಿತ್ಯದ ನೊಬೆಲ್ ಘೋಷಣೆಯಾದಾಗ ಆ ಲೇಖಕರನ್ನು ಮುಂದಿನ ವರ್ಷದ ಪಟ್ಟಿಗೆ ಸೇರಿಸುತ್ತೇನೆ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ಕತೆಗಳ ಇಂಗ್ಲಿಷ್ ಅನುವಾದಕ್ಕೆ, ಅನುವಾದಕಿ ದೀಪಾ ಭಾಸ್ತಿ ಅವರೊಂದಿಗೆ, ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗಲೂ ನವರಾತ್ರಿಯವರೆಗೆ ಕಾದೆ. ಬಾನು ಅವರೇ ಮೈಸೂರು ದಸರಾವನ್ನು ಉದ್ಘಾಟಿಸಿದ ಆ ಸೆಪ್ಟೆಂಬರಿನಲ್ಲಿ, ಅವರ ಕನ್ನಡ ಕತೆಗಳನ್ನೂ ಇಂಗ್ಲಿಷ್ ಅನುವಾದವನ್ನೂ ಜೊತೆಯಾಗಿ ಪೂಜೆಗೆ ಇಟ್ಟೆ. ವಿಸರ್ಜನೆಯ ಮರುದಿನದಿಂದ ಒಂದು ಕತೆಯನ್ನು ಮೊದಲು ಕನ್ನಡದಲ್ಲಿ, ಆಮೇಲೆ ಅನುವಾದದಲ್ಲಿ ಓದುತ್ತ ಹೋದದ್ದರಿಂದ ಉಳಿದೆರಡು ಪುಸ್ತಕಗಳ ಸರದಿ ಬಂದದ್ದು ಕಾರ್ತಿಕ ಮುಗಿದ ಮೇಲೆಯೇ.