ಕಲಬುರಗಿಯಲ್ಲಿ ಕೂತು ಕಡಲಂಚಿನ ನಕ್ಷೆ ಮಾಡುವುದು

ಕಲಬುರಗಿಗೆ ಕಡಲು ಬಲು ದೂರ. ಆದರೂ ಕುಮಟಾ ಬಳಿಯ ಅಘನಾಶಿನಿ ಅಳಿವೆಯ (ನದಿ ಕಡಲು ಸೇರುವ ಜಾಗದ) ನಕ್ಷೆಯನ್ನು ನನ್ನ ವಿದ್ಯಾರ್ಥಿಗಳು ಇಲ್ಲೇ ಮಾಡುತ್ತಾರೆ. ಸೆಂಟಿನೆಲ್-2 ಉಪಗ್ರಹದ ಚಿತ್ರ, ನಕ್ಷೆ ಮಾಡುವ ಕ್ಯೂಜಿಐಎಸ್ ತಂತ್ರಾಂಶ ಎರಡೂ ಉಚಿತ ಅಲ್ವಾ!

ಚಿತ್ರ ಆರಿಸುವಾಗ ಅವಸರ ಬೇಡ. ಮಳೆಗಾಲದಲ್ಲಿ ಮೋಡ, ಕೆಸರು ನೀರು ಜಾಸ್ತಿ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನದು ಹುಡುಕಿ. ಚಿತ್ರ ತೆಗೆದ ಸಮಯವನ್ನು ಉಬ್ಬರ-ಇಳಿತದ ಪಟ್ಟಿಯ ಜೊತೆ ಹೋಲಿಸಿ. ಇಳಿತದ ಚಿತ್ರವೇ ಬೇಕು. ಉಬ್ಬರ ಬಂದರೆ ಚಿಪ್ಪಿಕಲ್ಲು (ತಿನ್ನುವ ಚಿಪ್ಪುಜೀವಿ) ಬೆಳೆಯುವ ಕೆಸರು ಬಯಲೇ ಮುಳುಗಿಹೋಗುತ್ತದೆ.

ಉಪಗ್ರಹ ಬೆಳಕಿನ ಒಂದೊಂದು ಭಾಗವನ್ನು ಒಂದೊಂದು ಬ್ಯಾಂಡ್‌ನಲ್ಲಿ ದಾಖಲಿಸುತ್ತದೆ. ಈಗ 8, 4, 3ನೇ ಬ್ಯಾಂಡ್‌ಗಳನ್ನು ಕೆಂಪು, ಹಸಿರು, ನೀಲಿಗೆ ಇದೇ ಕ್ರಮದಲ್ಲಿ ಜೋಡಿಸಿ. ಈ ಜೋಡಣೆಯಲ್ಲಿ ಹಸಿರೆಲೆ ಕೆಂಪಾಗಿ ಕಾಣುತ್ತದೆ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳು ಹಸಿರು ತುಂಬಿದ ನಮ್ಮ ತೊಗರಿ ಹೊಲದ ಹಾಗೆ ಕೆಂಪಗೆ ಎದ್ದು ಕಾಣುತ್ತವೆ. ನೀರು ಕಪ್ಪು, ಒಣ ಮರಳು ಬಿಳಿ, ಒದ್ದೆ ಕೆಸರು ಬೂದು. ತೆಂಗಿನ ತೋಟವೂ ಕೆಂಪೇ! ಬೇರ್ಪಡಿಸಲು 11ನೇ ಬ್ಯಾಂಡ್ ನೋಡಿ. ಒದ್ದೆ ನೆಲದ ಕಾಂಡ್ಲಾ ಅದರಲ್ಲಿ ಸಾಮಾನ್ಯವಾಗಿ ಹೆಚ್ಚು ಕಪ್ಪಾಗಿರುತ್ತದೆ.

ಕಾಂಡ್ಲಾ, ತೋಟ, ನೀರು, ಮರಳು, ಕೆಸರು ಹೀಗೆ ಪ್ರತಿ ವರ್ಗಕ್ಕೂ ಮಾದರಿ ಜಾಗ ಗುರುತಿಸಿ, ಉಳಿದ ಜಾಗವನ್ನು ತಂತ್ರಾಂಶವೇ ವಿಂಗಡಿಸುವಂತೆ ವರ್ಗೀಕರಣ ಓಡಿಸಿ. 8, 4, 3ನೇ ಬ್ಯಾಂಡ್‌ಗಳಲ್ಲಿ ಒಂದು ಪಿಕ್ಸೆಲ್ (ಚಿತ್ರದ ಅತಿ ಚಿಕ್ಕ ಚೌಕ) ಅಂದರೆ ನೆಲದ ಮೇಲೆ 10 ಮೀಟರ್, 11ನೇ ಬ್ಯಾಂಡ್‌ನಲ್ಲಿ 20 ಮೀಟರ್. ಹಾಗಾಗಿ ಕಿರಿದಾದ ಬಂಡೆಸಾಲು ಮರಳಿನಲ್ಲಿ ಬೆರೆತುಹೋಗುತ್ತದೆ, ಅದನ್ನು ಕೈಯಿಂದಲೇ ಗೆರೆ ಎಳೆದು ಸೇರಿಸಿ. ಕೊನೆಗೆ ಅನುಮಾನದ ಜಾಗಗಳ ಜಿಪಿಎಸ್ ಅಂಕಿಗಳನ್ನು ಅಲ್ಲಿನ ಪರಿಚಯದವರಿಗೆ ಕಳಿಸಿ, ಇಳಿತದಲ್ಲಿ ಫೋಟೊ ತೆಗೆಸಿಕೊಳ್ಳಿ. ಸುಮ್ನೆ ಊಹಿಸಿ ಬಣ್ಣ ತುಂಬಬೇಡಿ.